ಕರಟದ ಇದ್ದಿಲು, ಬಿಳಿ ಗೋಡೆ

ನಮ್ಮೂರಿಗೆ ಗಾಳಿ ಬರುವುದಿಲ್ಲ. ಹಿಂದೆ ಬರುತ್ತಿತ್ತು, ಆಮೇಲೆ ನಿಂತುಹೋಯಿತು ಅಂತೇನೂ ಇಲ್ಲ, ಬಂದದ್ದೇ ಇಲ್ಲ. ಹೊಗೆ ನೇರ ಮೇಲಕ್ಕೆ ಹೋಗುತ್ತದೆ, ದೀಪ ಅಲುಗಾಡುವುದಿಲ್ಲ, ವಾಸನೆ ಹುಟ್ಟಿದ ಜಾಗದಲ್ಲೇ ನಿಲ್ಲುತ್ತದೆ. ಬಾವಿಯ ತಿರುವಿನಲ್ಲಿ ಸಣ್ಣತಾಯಮ್ಮ ಮೂರು ವರ್ಷದ ಹಿಂದೆ ಸೀಯಿಸಿದ ಬೆಲ್ಲದ ಪಾಕ ಇನ್ನೂ ನಿಂತಿದೆ. ಬಿಂದಿಗೆ ಹೊತ್ತವರು ಅಲ್ಲಿಗೆ ಬಂದಾಗ ಮಾತಾಡುತ್ತಲೇ ಎರಡು ಹೆಜ್ಜೆ ಎಡಕ್ಕೆ ಸರಿದು ಮುಂದೆ ಹೋಗುತ್ತಾರೆ. ಹೆಣ್ಣು ನೋಡಲು ಬಂದವರು ಹೆಣ್ಣಿಗಿಂತ ಮೊದಲು ಅಡುಗೆಮನೆಯ ಬಾಗಿಲಲ್ಲಿ ನಿಂತು ಮೂಗು ಅರಳಿಸುತ್ತಾರೆ. ಆ ಮನೆಯಲ್ಲಿ ಹೋದ ವರ್ಷ ಎಷ್ಟು ಸಲ ಸಾರು ತಳ ಹಿಡಿದಿದೆ ಎನ್ನುವುದು ಅವರಿಗೆ ಅಲ್ಲೇ ತಿಳಿದುಬಿಡುತ್ತದೆ. ಅದಕ್ಕೇ ನಮ್ಮಲ್ಲಿ ಒಂದು ಕಟ್ಟುಪಾಡು, ವಾಸನೆ ಬಿಟ್ಟವರೇ ಎತ್ತಿಸಬೇಕು. ಎತ್ತುವವಳು ನಾನು. ಸಣ್ಣತಾಯಮ್ಮ ಯಾಕೆ ಎತ್ತಿಸಲಿಲ್ಲ ಅಂದರೆ ನನಗೂ ಅವಳಿಗೂ ಮಾತಿಲ್ಲ, ಅದು ಬೇರೆ ವಿಷಯ.

ನನ್ನ ಹೆಸರು ನಿಂಗಾಜಮ್ಮ. ಕರಟದ ಇದ್ದಿಲು ಮಾಡುವುದು ನನ್ನ ತವರಿನ ವಿದ್ಯೆ. ತೆಂಗಿನ ಕರಟವನ್ನು ಗುಂಡಿಯಲ್ಲಿ ಮುಚ್ಚಿ ಸುಡಬೇಕು, ಕೆಂಡ ಆರುವ ಮೊದಲೇ ಒದ್ದೆ ಗೋಣಿ ಹೊದಿಸಿ ಹಬೆಯಲ್ಲಿ ಬೇಯಿಸಬೇಕು. ಆಗ ಇದ್ದಿಲಿನ ಮೈಯಲ್ಲೆಲ್ಲ ಕಣ್ಣಿಗೆ ಕಾಣದಷ್ಟು ಸಣ್ಣ ತೂತುಗಳು ಬಿಡುತ್ತವೆ. ನಮ್ಮಮ್ಮ ಅವನ್ನು ಬಾಯಿ ಎನ್ನುತ್ತಿದ್ದಳು. ಬಾಯಿ ತೆರೆದ ಇದ್ದಿಲನ್ನು ಬಿದಿರು ಬುಟ್ಟಿಗೆ ತುಂಬಿ ನೇತುಹಾಕಿದರೆ, ಸುತ್ತ ಒಂದು ಮಾರಿನಷ್ಟು ದೂರದ ವಾಸನೆಯನ್ನೆಲ್ಲ ಕರೆದು ಒಳಗೆ ಕೂರಿಸಿಕೊಳ್ಳುತ್ತದೆ. ಬುಟ್ಟಿ ತುಂಬಿತೋ ಇಲ್ಲವೋ ಹೇಳಲು ನನಗೆ ತಕ್ಕಡಿ ಬೇಡ, ಅಂಗೈ ಸಾಕು. ತುಂಬಿದ ಮೇಲೆ ಅದು ಇನ್ನೊಂದು ಚೂರನ್ನೂ ಹಿಡಿಯುವುದಿಲ್ಲ. ಆಗ ಬುಟ್ಟಿಗಳನ್ನೆಲ್ಲ ಹೊತ್ತು ಗಡಿಕಲ್ಲು ದಾಟಿ, ಅಲ್ಲಿ ಬೀಸುವ ಗಾಳಿಗೆ ಬೆನ್ನು ಕೊಟ್ಟು ಕುಳಿತು, ದೊಡ್ಡ ಬಾಣಲೆಯಲ್ಲಿ ಇದ್ದಿಲನ್ನು ಹುರಿಯಬೇಕು. ಬಿಸಿ ತಗಲಿದರೆ ಒಳಗೆ ಕೂತದ್ದೆಲ್ಲ ಎದ್ದು ಹೋಗುತ್ತದೆ. ಯಾರ ಮನೆಯಲ್ಲಿ ಏನು ಬೆಂದಿತ್ತು, ಯಾರು ಕದ್ದು ಏನು ಕುಡಿದಿದ್ದರು ಎಲ್ಲ ನನ್ನ ಮೂಗಿನ ಮುಂದೆಯೇ ಹಾದುಹೋಗುತ್ತಿತ್ತು. ನಮ್ಮೂರಿನವರಿಗೆ ಗಾಳಿ ಆಗುವುದಿಲ್ಲ. ಗಡಿಕಲ್ಲಿನ ತನಕ ಹೋದವರು ಕಿವಿ ಮುಚ್ಚಿಕೊಂಡು ವಾಪಸು ಬಂದು ಜ್ವರ ಹಿಡಿದು ಮಲಗುತ್ತಾರೆ. ನಾನೊಬ್ಬಳು ಅಭ್ಯಾಸ ಮಾಡಿಕೊಂಡಿದ್ದೆ.

ವಾಸನೆ ಎತ್ತಿದ ಮೇಲೆ ಆ ಮನೆಯ ಯಜಮಾನ ಹೊಸಿಲಲ್ಲಿ ನಿಂತು ಒಂದು ಉಸಿರೆಳೆದು, ಎತ್ತಿದವರ ಹೆಸರು ಹೇಳುವುದು ನಮ್ಮ ಪದ್ಧತಿ. ‘ಈ ಉಸಿರು ನಿಂಗಾಜಮ್ಮಂದು.’ ಇಪ್ಪತ್ತೆರಡು ವರ್ಷ ಆ ಮಾತನ್ನು ಬೀದಿಯ ಪ್ರತಿ ಹೊಸಿಲಲ್ಲೂ ಕೇಳಿದವಳು ನಾನು. ಕೇಳಿ ಕೇಳಿ ಬೇಸರವಾಯಿತೇ ಅಂತ ಯಾರಾದರೂ ಕೇಳಿದರೆ, ಇಲ್ಲ. ಒಂದು ದಿನವೂ ಬೇಸರವಾಗಲಿಲ್ಲ.

ನಮ್ಮದು ಬೊಂಬೆ ಮಾಡುವವರ ಬೀದಿ. ನಮ್ಮನೆಯವರನ್ನು ಪುಟ್ಟಮಾದಯ್ಯ ಅಂತ ಎಲ್ಲರೂ ಕರೆಯುತ್ತಾರೆ. ಲೇತಿಗೆ ಮರ ಕೊಟ್ಟು ಬೊಂಬೆ ಕಡೆಯುವುದು, ಬಣ್ಣ ಹಚ್ಚುವುದು, ಮೇಲೆ ವಾರ್ನಿಶ್ ಬಳಿಯುವುದು ಅವರ ಕೆಲಸ. ವಾರ್ನಿಶ್, ಥಿನ್ನರ್, ಸ್ಪಿರಿಟ್ ಇವೆಲ್ಲ ಸಾರಿನ ವಾಸನೆಯ ಹಾಗೆ ಸುಮ್ಮನೆ ನಿಲ್ಲುವ ಜಾತಿಯವಲ್ಲ. ತಲೆ ಹಿಡಿಯುತ್ತವೆ, ಎದೆಗೆ ಇಳಿಯುತ್ತವೆ. ಅವರಿಗೆ ಎದೆ ಕಟ್ಟುವುದು ಶುರುವಾಗಿ ಆರು ವರ್ಷವಾಗಿತ್ತು. ಲೇತಿನ ಮೇಲೆ ನಾಲ್ಕು ಬುಟ್ಟಿ, ಬೊಂಬೆ ಒಣಗಿಸುವ ನಡುಮನೆಯಲ್ಲಿ ಐದು ಬುಟ್ಟಿ ಕಟ್ಟಿ, ನಾಲ್ಕು ದಿನಕ್ಕೊಮ್ಮೆ ಹುರಿದು ತಂದು ಅವರನ್ನು ಕಾಪಾಡಿಕೊಂಡು ಬಂದಿದ್ದೆ. ಸಂಜೆ ಹೊಸಿಲಲ್ಲಿ ನಿಂತು ಬೇಕೆಂದೇ ಬೀದಿಗೆಲ್ಲ ಕೇಳುವ ಹಾಗೆ, “ಈ ಉಸಿರು ನಮ್ಮ ನಿಂಗಾಜಮ್ಮಂದು ಕಣ್ರಪ್ಪೋ” ಎನ್ನುತ್ತಿದ್ದರು. ನಾನು ಒಳಗೆ ಒಲೆಯ ಮುಂದೆ ಕುಳಿತು ನಾಚಿಕೆಪಡುವವಳ ಹಾಗೆ ನಟಿಸುತ್ತಿದ್ದೆ.

ಹೀಗಿರುವಾಗ ದೇವೀರಿ ಬಂದಳು. ನನ್ನ ಮೈದುನ ಗುರುಮಲ್ಲು ಮದುವೆಯೇ ಬೇಡ ಅನ್ನುತ್ತಿದ್ದವನು, ಮೂವತ್ತಾರಕ್ಕೆ ಯಾವುದೋ ಬಿಳಿ ಮಣ್ಣು ತೋಡುವ ಊರಿನಿಂದ ಹೆಂಡತಿಯನ್ನು ಕರೆದುಕೊಂಡು ಬಂದ. ಒಂದು ತಗಡಿನ ಟ್ರಂಕು, ಎರಡು ಮೂಟೆ. ಮೂಟೆಯಲ್ಲಿ ರಾಗಿಯೋ ಅಕ್ಕಿಯೋ ಇದ್ದೀತು ಅಂದುಕೊಂಡು ನಾನೇ ಇಳಿಸಿಕೊಂಡೆ. ಬಿಚ್ಚಿ ನೋಡಿದರೆ ಬಿಳೀ ಪುಡಿ.

ಬಂದು ಹತ್ತು ದಿನ ಸುಮ್ಮನಿದ್ದಳು. ಹನ್ನೊಂದನೆಯ ದಿನ ಪುಡಿಯನ್ನು ಗಂಜಿಯಲ್ಲಿ ಕಲಸಿ, ಹಿತ್ತಿಲಿನ ಬಿಸಿಲು ಬೀಳುವ ಗೋಡೆಗೆ ಬಳಿದಳು. “ಸುಣ್ಣ ಹೊಡಿತಾ ಇದೀಯಾ? ಹಬ್ಬ ಇನ್ನೂ ದೂರ ಐತೆ” ಎಂದೆ.

“ಸುಣ್ಣ ಅಲ್ಲ ಅಕ್ಕ. ಇದ್ರ ಮೇಲೆ ಬಿಸ್ಲು ಬಿದ್ರೆ ಮುಟ್ಟಿದ ವಾಸನೇನೆಲ್ಲ ತಿಂದಾಕ್ಬುಡ್ತದೆ. ಹೊತ್ಕೊಂಡು ಹೋಗೋದು, ಹುರಿಯೋದು ಏನೂ ಬೇಕಾಗಿಲ್ಲ” ಎಂದಳು. ಆಮೇಲೆ ನನ್ನ ಮುಖ ನೋಡಿ, “ಆದ್ರೆ ದೂರದ್ದನ್ನ ಕರೆಯೋಕೆ ಇದಕ್ಕೆ ಬರಲ್ಲ. ಗೋಡೆ ಪಕ್ಕದಲ್ಲೇ ಕೂತು ಕೆಲ್ಸ ಮಾಡ್ಬೇಕು. ಬೆಳಕೂ ಚೆನ್ನಾಗಿರ್ಬೇಕು. ಬೆಳಕು ಕಮ್ಮಿ ಆದ್ರೆ ಅರ್ಧಂಬರ್ಧ ತಿಂದು ಬಿಡ್ತದೆ. ಅರ್ಧ ತಿಂದಿದ್ದು ಕಣ್ಣು, ಗಂಟಲು ಎಲ್ಲ ಉರಿಸ್ತದೆ” ಎಂದು ಸೇರಿಸಿದಳು.

ನಾನು ನಕ್ಕೆ. ಗೋಡೆ ತಿನ್ನುವುದೆಂದರೇನು? ಆದರೆ ನಮ್ಮನೆಯವರು ಹೊಸತು ಕಂಡರೆ ಮಗುವಿನ ಹಾಗೆ. ಮಾರನೆಯ ದಿನವೇ ವಾರ್ನಿಶ್ ಡಬ್ಬಿ, ಕುಂಚ, ಮಣೆ ಎಲ್ಲವನ್ನೂ ಎತ್ತಿಕೊಂಡು ಹಿತ್ತಿಲಿಗೆ ಹೋಗಿ ಆ ಗೋಡೆಗೆ ಮೈತಾಗಿಸಿ ಕುಳಿತರು. ಮಧ್ಯಾಹ್ನದ ತನಕ ನಲವತ್ತು ಬೊಂಬೆಗೆ ಬಳಿದರು, ಒಂದು ಸಲವೂ ಕೆಮ್ಮಲಿಲ್ಲ. ನಾನು ಅಡುಗೆಮನೆಯಿಂದ ಕಿವಿಗೊಟ್ಟು ಕಾಯುತ್ತಲೇ ಇದ್ದೆ, ಒಂದಾದರೂ ಕೆಮ್ಮು ಬರಲಿ ಅಂತ. ಗಂಡ ಕೆಮ್ಮಲಿ ಅಂತ ಹೆಂಡತಿ ಕಾದಳು ಅಂದರೆ ಯಾರಾದರೂ ನಂಬುತ್ತಾರೆಯೇ? ನಾನು ಕಾದೆ.

ಸಂಜೆ ಅವರು ಕೈಕಾಲು ತೊಳೆದು ಹೊಸಿಲಿಗೆ ಬಂದರು. ಉಸಿರೆಳೆದರು. ಎಷ್ಟು ಉದ್ದ ಎಳೆದರು ಅಂದರೆ ಅಷ್ಟು ಉದ್ದದ ಉಸಿರನ್ನು ನಾನು ಆರು ವರ್ಷದಲ್ಲಿ ಕೇಳಿರಲಿಲ್ಲ. ಆಮೇಲೆ, “ಈ ಉಸಿರು ನಮ್ಮ ದೇವೀರಮ್ಮಂದು” ಎಂದರು.

ಪದ್ಧತಿಯ ಪ್ರಕಾರ ಅದು ಸರಿಯೇ. ಅವರು ಸುಳ್ಳು ಹೇಳುವವರಲ್ಲ. ಒಳಗೆ ನಾನು ರೊಟ್ಟಿಯನ್ನು ಹೆಂಚಿನ ಮೇಲೆ ಬಿಟ್ಟು ಎದ್ದು ಹೋಗಿ, ಉಗ್ರಾಣದಲ್ಲಿ ಇದ್ದಿಲು ಮೂಟೆಯ ಮೇಲೆ ಕುಳಿತೆ. ರೊಟ್ಟಿ ಸೀದು ಕರಕಾಯಿತು. ಆ ವಾಸನೆ ಒಲೆಯ ಮುಂದೆ ನಿಂತಿತು, ಅದನ್ನು ಎತ್ತುವ ಮನಸ್ಸು ನನಗೆ ಬರಲಿಲ್ಲ.

ಇದರಲ್ಲಿ ಯಾರೂ ತಪ್ಪು ತಿಳಿಯಬಾರದು. ನಮ್ಮನೆಯವರಿಗೂ ಅವಳಿಗೂ ಬೇರೆ ಯಾವ ಸಂಬಂಧವೂ ಇರಲಿಲ್ಲ. ಅವಳು ಭಾವನೋರೇ ಅಂತ ಕಂಬದ ಮರೆಯಿಂದ ಮಾತಾಡುತ್ತಿದ್ದಳು, ಅವರು ತಾಯಿ ಅಂತ ನೆಲ ನೋಡಿಕೊಂಡು ಉತ್ತರ ಕೊಡುತ್ತಿದ್ದರು. ಅಂಥದ್ದೇನಾದರೂ ಇದ್ದಿದ್ದರೆ ಕೂದಲು ಹಿಡಿದು ಜಗಳವಾಡಿ ಒಂದೇ ದಿನದಲ್ಲಿ ಮುಗಿಸಬಹುದಿತ್ತು. ಇಲ್ಲಿ ಜಗಳಕ್ಕೆ ಕಾರಣವೇ ಇಲ್ಲ. ನನ್ನ ಗಂಡ ಚೆನ್ನಾಗಿ ಉಸಿರಾಡುತ್ತಿದ್ದಾರೆ, ಅದು ನನ್ನಿಂದಲ್ಲ. ಅಷ್ಟೇ. ಅಷ್ಟಕ್ಕೇ ನನ್ನ ಹೊಟ್ಟೆಯಲ್ಲಿ ಹಗಲೆಲ್ಲ ಒಲೆ ಉರಿಯುತ್ತಿತ್ತು.

ಬೀದಿಗೆ ಸುದ್ದಿ ಹರಡಲು ಎಷ್ಟು ಹೊತ್ತು ಬೇಕು? ಎದುರುಮನೆಯ ರಾಚಯ್ಯ ಬಂದು ಗೋಡೆ ಮೂಸಿ ನೋಡಿದ, ಮಾರನೆಯ ದಿನ ಅವನ ಗೋಡೆಯೂ ಬೆಳ್ಳಗಾಯಿತು. ಒಬ್ಬೊಬ್ಬರಾಗಿ ಬುಟ್ಟಿ ವಾಪಸು ತಂದು ಜಗುಲಿಯ ಮೇಲೆ ಇಟ್ಟು ಹೋದರು. “ನಿಂಗಾಜಮ್ಮ, ಬೇಜಾರ್ ಮಾಡ್ಕೊಬೇಡ. ಪಾಪ, ನಿನ್ಗೂ ವಯಸ್ಸಾಯ್ತು, ಎಷ್ಟು ದಿನ ಅಂತ ಗಡಿಕಲ್ಲಿಗೆ ಹೊರ್ತೀಯ” ಅಂತ ಸಮಾಧಾನ ಬೇರೆ. ನಲವತ್ತೆಂಟು ವಯಸ್ಸೇ? ಸಣ್ಣತಾಯಮ್ಮನಂತೂ ಬಾವಿಯ ತಿರುವಿನ ಗೋಡೆಗೆ ದೇವೀರಿಯಿಂದ ಲೇಪ ಬಳಿಸಿಕೊಂಡಳು. ಆದರೆ ಪಾಕ ನಿಂತಿದ್ದದ್ದು ದಾರಿಯ ಮಧ್ಯೆ, ಗೋಡೆಯಿಂದ ಮೂರು ಹೆಜ್ಜೆ ಆಚೆ. ಅದು ಅಲ್ಲಿಂದ ಕದಲಲಿಲ್ಲ. ಅದೊಂದು ಸಂತೋಷ ನನಗೆ ಉಳಿದಿತ್ತು, ನೀರಿಗೆ ಹೋದಾಗಲೆಲ್ಲ ಬೇಕೆಂದೇ ಅದರೊಳಗೆ ಹಾದು ಬರುತ್ತಿದ್ದೆ.

ನಾನು ಸಿಟ್ಟಿಗೆ ಹುರಿಯುವುದನ್ನೇ ನಿಲ್ಲಿಸಿದೆ. ಲೇತಿನ ಮೇಲಿನ ಬುಟ್ಟಿ, ನಡುಮನೆಯ ಬುಟ್ಟಿ ಎಲ್ಲ ತುಂಬಿ ಸುಮ್ಮನೆ ನೇತುಬಿದ್ದಿದ್ದವು. ಯಾರೂ ಕೇಳಲಿಲ್ಲ. ನಮ್ಮನೆಯವರು ಬಳಿಯುವುದು ಗೋಡೆಯ ಪಕ್ಕ, ಬೊಂಬೆ ಒಣಗಲು ಇಡುವುದು ಎಂದಿನಂತೆ ನಡುಮನೆಯಲ್ಲಿ. ಅಲ್ಲೇ ಅವರ ಹಾಸಿಗೆ. ದಿನಕ್ಕೆ ನಲವತ್ತು ಐವತ್ತು ಬೊಂಬೆ ವಾರ್ನಿಶ್ ಬಿಡುತ್ತಾ ಆ ಕೋಣೆಯಲ್ಲಿ ಒಣಗುತ್ತಿದ್ದವು. ಕೋಣೆಯೊಳಗೆ ನಿಂತ ವಾಸನೆ ದಪ್ಪವಾಗುತ್ತಾ ಬಂದದ್ದು ನನಗೆ ಗೊತ್ತಾಗುತ್ತಿತ್ತು. ನಿನ್ನ ದೇವೀರಮ್ಮನ ಗೋಡೆಯನ್ನೇ ಇಲ್ಲಿಗೆ ಕರೆಸಿಕೋ ಎಂದು ಮನಸ್ಸಿನಲ್ಲೇ ಅಂದುಕೊಂಡು ಸುಮ್ಮನಾಗುತ್ತಿದ್ದೆ.

ಅಷ್ಟರಲ್ಲಿ ಬೊಂಬೆ ಹಬ್ಬದ ಕೆಲಸ ಮೇಲೆ ಬಿತ್ತು. ಒಂದು ಬೆಳಿಗ್ಗೆ ಬಟ್ಟೆ ಒಗೆದು ಹರವಲು ಹೋದಾಗ ನನ್ನ ತಲೆಗೊಂದು ಯೋಚನೆ ಬಂತು. ಹಿತ್ತಿಲಲ್ಲಿ ಹಗ್ಗ ಕಟ್ಟಿದ್ದದ್ದು ಒಗೆಯುವ ಕಲ್ಲಿನ ಕಡೆಗೆ. ಅದನ್ನು ಬಿಚ್ಚಿ ಬಿಳಿ ಗೋಡೆಯ ಮುಂದೆ, ಬಿಸಿಲು ಬರುವ ಕಡೆಗೆ ಅಡ್ಡವಾಗಿ ಕಟ್ಟಿದೆ. ಒಂಬತ್ತು ಗಜದ ಸೀರೆ ಎರಡು ಹರವಿದೆ. ಗಾಳಿಯಿಲ್ಲದ ಊರಲ್ಲಿ ಸೀರೆ ಹಲಗೆಯ ಹಾಗೆ ನೆಟ್ಟಗೆ ನಿಲ್ಲುತ್ತದೆ. ಗೋಡೆ ಪೂರ್ತಿ ನೆರಳಾಯಿತು. ಯಾರು ಏನೆನ್ನುತ್ತಾರೆ? ಹೆಂಗಸು ಬಿಸಿಲಿಗೆ ಬಟ್ಟೆ ಹರವುವುದು ತಪ್ಪೇ? ಒಗೆದದ್ದನ್ನೇ ಮತ್ತೆ ಒಗೆದೆ. ಒಗೆಯಲು ಬೇಸರವಾದ ದಿನ ಪೆಟ್ಟಿಗೆಯಿಂದ ಒಣ ಸೀರೆಯನ್ನೇ ತೆಗೆದು ಹರವಿದೆ.

ನಮ್ಮನೆಯವರು, “ಒಳ್ಳೆ ಕೆಲ್ಸ ಮಾಡ್ದೆ ಕಣೆ, ತಂಪಾಗೈತೆ” ಎಂದು ಆ ನೆರಳಿನಲ್ಲಿ ಇನ್ನೂ ಹೆಚ್ಚು ಹೊತ್ತು ಕುಳಿತರು. ಮೂರನೆಯ ದಿನಕ್ಕೆ ಕಣ್ಣು ಕೆಂಪಾಯಿತು. ನಾಲ್ಕನೆಯ ದಿನ ಗಂಟಲು ಉರಿ. ಭಾವ ಕೂತಿದ್ದಾಗ ಹಿತ್ತಿಲಿಗೆ ಬಾರದ ದೇವೀರಿ, ಬೆಳಿಗ್ಗೆ ನಾನು ಸೀರೆ ಹರವುವ ಮೊದಲೇ ಗೋಡೆಗೆ ಇನ್ನೊಂದು ಕೈ ಬಳಿದಳು, ಏನಾಯಿತೆಂದು ಅವಳಿಗೆ ತಿಳಿಯಲಿಲ್ಲ. ಅವಳ ಮುಖ ಸಣ್ಣಗಾದದ್ದನ್ನು ನೋಡಿ ಅವತ್ತು ನಾನು ಎರಡು ತುತ್ತು ಹೆಚ್ಚು ಉಂಡೆ. ಕಣ್ಣು ಉರಿಯುತ್ತದೆ, ಅವರಾಗಿಯೇ ಎದ್ದು ಒಳಗೆ ಬರುತ್ತಾರೆ, ಲೇತಿನ ಬಳಿ ಕುಳಿತು, ಬುಟ್ಟಿ ಹುರಿದು ತಾ ನಿಂಗಾಜಿ ಎನ್ನುತ್ತಾರೆ. ನನ್ನ ಲೆಕ್ಕ ಇಷ್ಟೇ ಇತ್ತು. ಇದಕ್ಕಿಂತ ಮುಂದೆ ಏನಾದೀತು ಅಂತ ನಾನು ಯೋಚಿಸಲಿಲ್ಲ ಎಂದರೆ ಅದು ಅರ್ಧ ನಿಜ.

ಆರನೆಯ ದಿನ ಊಟದ ಹೊತ್ತಿಗೆ ಮೊದಲು ಹಿತ್ತಿಲಲ್ಲಿ ಡಬ್ಬಿ ಉರುಳಿದ ಸದ್ದಾಯಿತು. ಹೋಗಿ ನೋಡಿದರೆ ಅವರು ಗೋಡೆಗೆ ಒರಗಿದ್ದಾರೆ, ಬಾಯಿ ತೆರೆದಿದೆ, ಉಸಿರು ಒಳಗೂ ಹೋಗುತ್ತಿಲ್ಲ, ಹೊರಗೂ ಬರುತ್ತಿಲ್ಲ. ತುಟಿ ನೇರಳೆಯಾಗಿತ್ತು. ಗುರುಮಲ್ಲುವೂ ರಾಚಯ್ಯನೂ ಹೊತ್ತುಕೊಂಡು ಬಂದು ನಡುಮನೆಯ ಹಾಸಿಗೆಯ ಮೇಲೆ ಮಲಗಿಸಿದರು. ಪಂಡಿತರು ಬಂದು ಎದೆ ನೀವಿ, ಕಷಾಯ ಕುಡಿಸಿ, ಒಂದಿಷ್ಟು ಉಸಿರು ಆಡುವ ಹಾಗೆ ಮಾಡಿದರು. ಆಮೇಲೆ ಕೋಣೆಯಲ್ಲಿ ನಿಂತು ಮೂಗು ಮುಚ್ಚಿಕೊಂಡರು.

“ಇವ್ರನ್ನ ಇನ್ನೊಂದು ಸಲ ಎತ್ತುವಂಗಿಲ್ಲ, ಎತ್ತಿದ್ರೆ ಉಳಿಯಲ್ಲ. ಈ ಕೋಣೆಯಲ್ಲಿ ನಿಂತಿರೋ ವಾರ್ನಿಶ್ ನಾಳೆ ಸಂಜೆಯೊಳಗೆ ಇಳಿಬೇಕು. ಇಳಿಲಿಲ್ಲ ಅಂದ್ರೆ ನನ್ನ ಕೇಳ್ಬೇಡಿ” ಎಂದರು.

ಎಲ್ಲರೂ ನನ್ನ ಮುಖ ನೋಡಿದರು. ನಾನು ಬುಟ್ಟಿಗಳ ಮುಖ ನೋಡಿದೆ. ಐದೂ ತುಂಬಿ ಒಂದು ತಿಂಗಳಾಗಿತ್ತು. ಉಗ್ರಾಣದಲ್ಲಿ ಹೊಸ ಇದ್ದಿಲು ಇದ್ದದ್ದು ಒಂದೇ ಮೂಟೆ. ಆ ಕೋಣೆಯ ದಪ್ಪಕ್ಕೆ ಒಂದು ಮೂಟೆ ಎರಡು ಗಂಟೆಯಲ್ಲಿ ತುಂಬಿಹೋಗುತ್ತದೆ. ಗಡಿಕಲ್ಲಿಗೆ ಹೋಗಿ ಹುರಿದು ಬರಲು ಅರ್ಧ ದಿನ. ದೇವೀರಿಯ ಲೇಪವನ್ನು ಕೋಣೆಯ ಗೋಡೆಗೆ ಬಳಿದರೆ ಗೋಡೆ ಮುಟ್ಟಿದ್ದನ್ನು ಮಾತ್ರ ತಿನ್ನುತ್ತದೆ. ನಡುವೆ ಮಲಗಿದವರ ಮೂಗಿನ ಮುಂದೆ ನಿಂತದ್ದು ಹಾಗೆಯೇ ಇರುತ್ತದೆ.

ದೇವೀರಿ ಹಿತ್ತಿಲಿಗೆ ಹೋದಳು. ನಾನು ಕಿಟಕಿಯಿಂದ ನೋಡುತ್ತಿದ್ದೆ. ಗೋಡೆಯ ಮುಂದೆ ನಿಂತಳು, ಸೀರೆಯ ಕಡೆ ತಿರುಗಿದಳು. ಸೆರಗಿನ ತುದಿಯನ್ನು ಬೆರಳಲ್ಲಿ ಹಿಡಿದು ಉಜ್ಜಿದಳು. ಸೀರೆ ಒಣಗಿತ್ತು, ಪೆಟ್ಟಿಗೆಯ ಮಡಿಕೆಯ ಗೆರೆ ಇನ್ನೂ ಅದರ ಮೇಲೆ ಇತ್ತು. ನಾನು ಕಿಟಕಿಯಿಂದ ಸರಿದೆ. ಅವಳು ಒಳಗೆ ಬಂದಳು, ಬಾಯಿ ತೆರೆದಳು, ಗುರುಮಲ್ಲುವಿನ ಮುಖ ನೋಡಿದಳು, ನನ್ನ ಮುಖ ನೋಡಿದಳು. ಸೀರೆಯ ಮಾತೇ ಎತ್ತಲಿಲ್ಲ.

“ಅಕ್ಕ, ನಿಮ್ಮ ಇದ್ಲು ಕರ್ಕೊಳ್ತದೆ, ತಿನ್ನೋಕೆ ಬರಲ್ಲ. ನನ್ನ ಪುಡಿ ತಿನ್ತದೆ, ಕರ್ಕೊಳ್ಳೋಕೆ ಬರಲ್ಲ. ಇದ್ಲು ಮೇಲೆ ಪುಡಿ ಹಚ್ಚಿ, ಅಲ್ಲಿ ಸೂರಿನ ಗಾಜಿನ ಹೆಂಚಿನ ಕೆಳಗೆ ಬೆಳಕಲ್ಲಿ ಕಟ್ಟಿದ್ರೆ? ಅದು ಕರೀತಾ ಇರ್ತದೆ, ಇದು ತಿಂತಾ ಇರ್ತದೆ. ಖಾಲಿ ಮಾಡೋ ಕೆಲ್ಸವೇ ಇರಲ್ಲ” ಎಂದಳು.

ನನ್ನನ್ನು ಹಿಡಿದುಕೊಟ್ಟಿದ್ದರೆ ಅವಳನ್ನು ದ್ವೇಷಿಸಿಕೊಂಡು ಹೇಗೋ ಬದುಕಬಹುದಿತ್ತು. ಅವಳು ಮುಚ್ಚಿಟ್ಟಳು. ಒಳ್ಳೆಯತನದಲ್ಲೂ ಅವಳದ್ದೇ ಮೇಲುಗೈ ಆಗಬೇಕೇ ಅಂತ ಹಲ್ಲು ಕಚ್ಚಿಕೊಂಡು ಮೂಟೆ ತಂದು ಅವಳ ಮುಂದೆ ಸುರಿದೆ. “ನೀನೇ ಮಾಡು” ಎಂದೆ.

ಮಾರನೆಯ ಬೆಳಿಗ್ಗೆ ಬೆಳಕು ಮೂಡುತ್ತಲೇ ಮೂರು ಬುಟ್ಟಿ ತಯಾರಾಗಿದ್ದವು. ಅರ್ಧ ಮೂಟೆ ಇದ್ದಿಲಿಗೆ ಲೇಪ ಬಳಿದಿದ್ದಳು. ಗಾಜಿನ ಹೆಂಚಿನ ಕೆಳಗೆ, ಅವರ ತಲೆಯ ಮೇಲೆಯೇ ಕಟ್ಟಿದಳು. ಬುಟ್ಟಿಯಲ್ಲಿ ಇದ್ದದ್ದು ಬೆಳ್ಳನೆಯ ಉಂಡೆಗಳು, ಸಂಡಿಗೆಯ ಹಾಗೆ. ಬಾಗಿಲಲ್ಲಿ ನಿಂತ ಬೀದಿಯ ಜನ, “ನೋಡಿ, ನೋಡಿ, ದೇವೀರಮ್ಮನ ಹೊಸ ಬುಟ್ಟಿ” ಎಂದು ಮಾತಾಡಿಕೊಂಡರು.

ಒಂದು ಗಂಟೆ ಬಿಟ್ಟು ನಾನು ಬುಟ್ಟಿಯ ತಳಕ್ಕೆ ಅಂಗೈ ಕೊಟ್ಟೆ. ಕಟ್ಟಿದಾಗ ಎಷ್ಟು ತೂಕವಿತ್ತೋ ಅಷ್ಟೇ. ಇನ್ನೊಂದು ಗಂಟೆ ಬಿಟ್ಟು ನೋಡಿದೆ, ಅಷ್ಟೇ. ಇದ್ದಿಲು ಏನನ್ನೂ ಕರೆಯುತ್ತಿರಲಿಲ್ಲ. ಒಂದು ಉಂಡೆ ತೆಗೆದು ಉಗುರಿನಲ್ಲಿ ಕೆರೆದು ನೋಡಿದೆ. ಲೇಪ ದೋಸೆಹಿಟ್ಟಿನಷ್ಟು ದಪ್ಪ. ಬಾಯಿಗಳೆಲ್ಲ ಮುಚ್ಚಿಹೋಗಿವೆ. ಇದ್ದಿಲಿಗೇ ಉಸಿರು ಕಟ್ಟಿದೆ. ಲೇಪವನ್ನು ತಿಳಿಮಜ್ಜಿಗೆಯಷ್ಟು ತೆಳ್ಳಗೆ ಮಾಡಿ ಒಂದೇ ಒಂದು ಸಲ ಅದ್ದಿ ತೆಗೆದಿದ್ದರೆ ಕಪ್ಪು ಅಲ್ಲಲ್ಲಿ ಕಾಣುತ್ತಿತ್ತು, ಬಾಯಿ ತೆರೆದಿರುತ್ತಿತ್ತು. ಇದು ನನಗೆ ನೋಡಿದ ಕೂಡಲೇ ತಿಳಿಯಿತು. ಇಡೀ ಊರಿನಲ್ಲಿ ಇದು ತಿಳಿದವಳು ನಾನೊಬ್ಬಳೇ ಅಂದುಕೊಂಡೆ.

ಉಂಡೆಯನ್ನು ಬುಟ್ಟಿಗೆ ವಾಪಸು ಹಾಕಿ ಬಾಯಿ ಮುಚ್ಚಿಕೊಂಡು ಕುಳಿತೆ.

ಯಾಕೆ ಅಂತ ಹೇಳಿಬಿಡುತ್ತೇನೆ. ಬೀದಿಯ ಜನ ಬಾಗಿಲಲ್ಲಿ ನಿಂತಿದ್ದರು. ಮಧ್ಯಾಹ್ನದ ತನಕ ಹೀಗೆಯೇ ಇರಲಿ, ದೇವೀರಮ್ಮನ ಬುಟ್ಟಿ ಏನೂ ಮಾಡಲಿಲ್ಲ ಎನ್ನುವುದನ್ನು ಎಲ್ಲರೂ ಕಣ್ಣಾರೆ ನೋಡಲಿ. ಆಮೇಲೆ ಉಳಿದ ಅರ್ಧ ಮೂಟೆಯನ್ನು ನಾನು ಬರೀ ಇದ್ದಿಲಾಗಿಯೇ ಕಟ್ಟುತ್ತೇನೆ, ತುಂಬಿದರೆ ಓಡಿ ಹೋಗಿ ಹುರಿದು ತರುತ್ತೇನೆ, ಬಿದ್ದು ಸತ್ತರೂ ಸರಿ, ಓಡುತ್ತಲೇ ಇರುತ್ತೇನೆ. ನಮ್ಮನೆಯವರು ಉಳಿದರೆ ನನ್ನಿಂದ ಉಳಿಯಬೇಕು. ಅಷ್ಟು ಹೊತ್ತು ಅವರು ತಡೆಯುತ್ತಾರೆ ಅಂತ ನನಗೆ ನಾನೇ ಹೇಳಿಕೊಂಡೆ. ಅವರ ಎದೆ ಏಳುತ್ತಿದ್ದದ್ದನ್ನು, ಇಳಿಯುತ್ತಿದ್ದದ್ದನ್ನು ಎಣಿಸುತ್ತಾ ಕುಳಿತೆ. ಎಣಿಕೆಯ ನಡುವೆ ಬಿಡುವು ಹೆಚ್ಚಾಗುತ್ತಾ ಹೋಯಿತು. ದೇವೀರಿ ಗೋಡೆಗೆ ಒರಗಿ ನಿಂತು ಬುಟ್ಟಿಯನ್ನೇ ನೋಡುತ್ತಿದ್ದಳು.

ಊಟದ ಹೊತ್ತು ದಾಟಿತು. ಅವರು ಕಣ್ಣು ತೆರೆದು ನನ್ನನ್ನು ಹುಡುಕಿದರು. ಮಾತಿಗೊಂದು ಉಸಿರು ಬೇಕಾಗಿತ್ತು.

“ನಿಂಗಾಜಿ... ತುಂಬ್ತಾ ಐತಾ? ನೋಡು... ನಿನ್ ಕೈ ಹೇಳ್ತದಲ್ಲ.”

ನಾನು ಎದ್ದೆ. ಬುಟ್ಟಿಯ ತಳಕ್ಕೆ ಅಂಗೈ ಕೊಟ್ಟೆ. “ತುಂಬ್ತಾ ಐತೆ” ಎಂದೆ.

ಅವರು ನಂಬಿದರು. ಮುಖ ಸಡಿಲವಾಯಿತು, ಕಣ್ಣು ಮುಚ್ಚಿದರು. ಆರು ವರ್ಷ ಅವರು ನಂಬಿದ್ದದ್ದು ಆ ಕೈಯನ್ನು. ಆ ಕೈ ಎತ್ತಿ ನಾನು ಸುಳ್ಳು ಹೇಳಿದ್ದೆ, ಅದೂ ಅವರ ಮುಖದ ಮೇಲೆಯೇ. ಅವರ ಬೆರಳ ಉಗುರು ನೋಡಿದೆ. ನೇರಳೆ ಬಣ್ಣ ಹೋಗಿ ಕಪ್ಪಿಗೆ ತಿರುಗಿತ್ತು. ಬುಟ್ಟಿಯನ್ನು ಎಳೆದು ನೆಲಕ್ಕೆ ಸುರಿದು, “ಇದ್ಲಿನ ಬಾಯಿ ಮುಚ್ಚಿ ಹೋಗೈತೆ ದೇವೀರಿ! ಇದು ಬೆಳಗಿಂದ ಏನೂ ಕರೆದಿಲ್ಲ! ತೆಳ್ಳಗೆ ಕಲ್ಸು, ಬೇಗ ಕಲ್ಸು” ಎಂದು ಕೂಗಿದೆ.

ಅವಳು ಒಂದೂ ಪ್ರಶ್ನೆ ಕೇಳಲಿಲ್ಲ, ಓಡಿದಳು. ಉಳಿದ ಅರ್ಧ ಮೂಟೆಯನ್ನು ಮೊರದಲ್ಲಿ ಹರಡಿಕೊಂಡು ಇಬ್ಬರೂ ಕುಳಿತೆವು. ಅವಳು ಲೇಪ ಕಲಸಿದಳು, ನಾನು ಇನ್ನೂ ನೀರು, ಇನ್ನೂ ನೀರು ಎನ್ನುತ್ತಾ ಹೋದೆ. ಬೆರಳು ಅದ್ದಿದರೆ ಚರ್ಮ ಕಾಣುವಷ್ಟು ತೆಳ್ಳಗಾದ ಮೇಲೆ ಇದ್ದಿಲನ್ನು ಒಂದೊಂದು ಹಿಡಿಯಾಗಿ ಅದ್ದಿ, ಕೊಡವಿ, ಹಿತ್ತಿಲಿಗೆ ಕೊಂಡೊಯ್ದು ಬಿಸಿಲಲ್ಲಿ ಹರವಿದೆವು. ಅಡ್ಡವಿದ್ದ ಸೀರೆಗಳನ್ನು ನಾನೇ ಹೋಗಿ ಎಳೆದುಹಾಕಿದೆ, ಹಗ್ಗದ ಸಮೇತ. ಒಣಗಿದಷ್ಟನ್ನು ಒಣಗಿದ ಹಾಗೆ ತಂದು ಕಟ್ಟಿದೆವು. ಈ ಸಲ ಬುಟ್ಟಿಯೊಳಗೆ ಬೂದು ಬಣ್ಣ, ಎಳ್ಳು ಬೆರೆಸಿದ ಅಕ್ಕಿಹಿಟ್ಟಿನ ಹಾಗೆ. ಅಂಗೈ ಕೊಟ್ಟೆ. ಸ್ವಲ್ಪ ಹೊತ್ತಿಗೆ ಭಾರ ಏರಿತು. ಗಾಜಿನ ಹೆಂಚಿನ ಬಿಸಿಲು ಅದರ ಮೇಲೆ ನೇರವಾಗಿ ಬಿತ್ತು, ಭಾರ ಇಳಿಯಿತು. ಮತ್ತೆ ಏರಿತು, ಮತ್ತೆ ಇಳಿಯಿತು. ಇಪ್ಪತ್ತೆರಡು ವರ್ಷದಲ್ಲಿ ನನ್ನ ಕೈ ಇಂಥದ್ದನ್ನು ಕಂಡಿರಲಿಲ್ಲ. ಬಿಸಿಲು ಹೆಂಚಿನಿಂದ ಸರಿಯುವ ಹೊತ್ತಿಗೆ ಅವರ ತಲೆಯ ಸುತ್ತ ತಿಳಿಯಾಗಿತ್ತು. ಉಗುರಿಗೆ ಬಣ್ಣ ಬಂದದ್ದನ್ನು ನೋಡಿ ನಾನು ಅವರ ಪಾದ ಹಿಡಿದುಕೊಂಡು ಅತ್ತೆ. ಹೊಸಿಲು, ಹೆಸರು ಯಾವುದೂ ಆಗ ಯಾರ ನೆನಪಿಗೂ ಬರಲಿಲ್ಲ.

ಅವರು ಏಳಲು ಇಪ್ಪತ್ತು ದಿನ ಬೇಕಾಯಿತು. ಅಷ್ಟರಲ್ಲಿ ಬೀದಿಯವರೆಲ್ಲ ಬೂದು ಬುಟ್ಟಿ ಕೇಳಿಕೊಂಡು ಬಂದರು. ನಾನೂ ದೇವೀರಿಯೂ ದಿನವೂ ಹಿತ್ತಿಲಲ್ಲಿ ಎದುರುಬದುರು ಕುಳಿತು, ನಾನು ಕರಟದ ಇದ್ದಿಲು ಕುಟ್ಟುವುದು, ಅವಳು ಲೇಪ ಕಲಸುವುದು. ಮಾತು ಕೆಲಸಕ್ಕೆ ಎಷ್ಟು ಬೇಕೋ ಅಷ್ಟು. ಸೀರೆಯ ವಿಷಯ ನಮ್ಮಿಬ್ಬರ ನಡುವೆ ಕೂತೇ ಇತ್ತು. ಒಂದು ದಿನ ನನಗೆ ತಡೆಯಲಾಗಲಿಲ್ಲ.

“ಅವತ್ತು ಹಗ್ಗದ ಮೇಲಿದ್ದ ಸೀರೆ ಒಣಗಿತ್ತು. ನಿಂಗೆ ಗೊತ್ತಿತ್ತು. ಯಾಕೆ ಯಾರ್ಗೂ ಹೇಳ್ಲಿಲ್ಲ?” ಎಂದೆ. “ಹೊಟ್ಟೆಕಿಚ್ಚಿಗೆ ಮಾಡ್ದೆ ಕಣೆ. ಅವ್ರು ನಿನ್ ಹೆಸ್ರು ಹೇಳಿದ್ದು ನಂಗೆ ಸಹಿಸೋಕೆ ಆಗ್ಲಿಲ್ಲ. ಆಮೇಲೆ ನಿನ್ ಬುಟ್ಟಿ ಕೆಲ್ಸ ಮಾಡ್ತಿಲ್ಲ ಅಂತ ಬೆಳಿಗ್ಗೆನೇ ನನ್ ಕೈಗೆ ಗೊತ್ತಾಗಿತ್ತು. ಮಧ್ಯಾಹ್ನದ ಗಂಟ ಸುಮ್ಕಿದ್ದೆ.”

ದೇವೀರಿ ಕಲಸುವುದನ್ನು ನಿಲ್ಲಿಸಲಿಲ್ಲ. “ನಂಗೂ ಗೊತ್ತಿತ್ತು ಅಕ್ಕ” ಎಂದಳು.

“ಏನು?”

“ದಪ್ಪ ಹಚ್ಚಿದ್ರೆ ಇದ್ಲು ಕರೆಯಲ್ಲ ಅಂತ. ನಮ್ಮೂರ ಕಡೆ ಮಡಕೆಗೆ ಲೇಪ ಹಚ್ಚೋರು ನಾವು, ತೂತಿರೋ ವಸ್ತುಗೆ ದಪ್ಪ ಹಚ್ಚಬಾರ್ದು ಅಂತ ಗೊತ್ತಿಲ್ವಾ? ಮೊದಲ್ನೇ ಸಲ ತೆಳ್ಳಗೇ ಅದ್ದಿದ್ದೆ. ನಿಮ್ ಕಪ್ಪು ಎದ್ದು ಕಾಣ್ತಾ ಇತ್ತು. ಬಾಗ್ಲಲ್ಲಿ ಜನ ಇರ್ತಾರೆ, ನೋಡ್ದೋರು ನಿಂಗಾಜಮ್ಮನ ಇದ್ಲು ಅಂತಾರೆ. ಅದಕ್ಕೇ ಮತ್ತೊಂದು ಕೈ ಹಚ್ಚಿ ಮುಚ್ದೆ. ಪೂರ್ತಿ ಬೆಳ್ಳಗೆ ಕಾಣ್ಲಿ ಅಂತ.” ಅವಳ ಕೈ ಈಗ ನಿಂತಿತ್ತು. “ಈ ಮನೆಗೆ ಬಂದ್ ದಿನದಿಂದ ಎಲ್ರ ಬಾಯಲ್ಲೂ ನಿಮ್ಮದ್ದೇ ಹೆಸ್ರು. ನನ್ ಗಂಡನ ಬಾಯಲ್ಲೂ. ನೀವು ಸುರಿದು ಕೂಗೋ ತನ್ಕ ನಾನೂ ಬುಟ್ಟಿ ನೋಡ್ತಾ ನಿಂತಿದ್ದೆ. ನನ್ ಬಾಯಿ ತೆಗೆಯೋಕೆ ಆಗ್ಲೇ ಇಲ್ಲ.”

ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಅವಳನ್ನು ಬೈಯಲು ನನಗೆ ಬಾಯಿರಲಿಲ್ಲ. ಬೆಳಗಿನಿಂದ ಮಧ್ಯಾಹ್ನದ ತನಕ ಒಬ್ಬ ಮನುಷ್ಯ ನಮ್ಮಿಬ್ಬರ ಕಣ್ಣೆದುರು ಉಸಿರಿಗೆ ಒದ್ದಾಡುತ್ತಾ ಮಲಗಿದ್ದ. ಉಳಿಸುವ ದಾರಿ ಇಬ್ಬರಿಗೂ ಗೊತ್ತಿತ್ತು.

“ಅವ್ರಿಗೆ ಹೇಳ್ಬೇಕಾ?” ಎಂದಳು.

“ಬ್ಯಾಡ” ಎಂದೆ. ಮತ್ತೆ ಕುಟ್ಟತೊಡಗಿದೆ.

ಈಗ ಅವರು ಚೆನ್ನಾಗಿದ್ದಾರೆ. ಲೇತಿನ ಮೇಲೆ ಬೂದು ಬುಟ್ಟಿ ತೂಗುತ್ತದೆ, ಹಗಲೆಲ್ಲ ಬೊಂಬೆ ಕಡೆಯುತ್ತಾರೆ. ಬೊಂಬೆ ಕೊಳ್ಳಲು ಯಾರೇ ಬರಲಿ, ಅವರನ್ನು ಜಗುಲಿಯ ಮೇಲೆ ಕೂರಿಸಿ, ನಮ್ಮಿಬ್ಬರನ್ನೂ ಹೊರಗೆ ಕರೆಯುತ್ತಾರೆ. “ನೋಡಿ ಸ್ವಾಮಿ, ನಾನು ಇವತ್ತು ಬದುಕಿದ್ರೆ ಇವರಿಬ್ರಿಂದ. ಓರಗಿತ್ತೀರು ಅಂದ್ರೆ ಕಚ್ಚಾಡ್ತಾರೆ ಅಂತಾರೆ. ನಮ್ಮನೇಲಿ ನೋಡಿ, ಇಬ್ರೂ ಒಂದಾಗಿ ನನ್ನ ಉಳಿಸ್ಕೊಂಡ್ರು” ಎಂದು ಕಣ್ಣಲ್ಲಿ ನೀರು ತಂದುಕೊಂಡು ಹೇಳುತ್ತಾರೆ. ದೇವೀರಿ ಸೆರಗು ಎಳೆದುಕೊಂಡು ನೆಲ ನೋಡುತ್ತಾಳೆ, ನಾನೂ ತಲೆ ತಗ್ಗಿಸುತ್ತೇನೆ. ಎಷ್ಟು ವಿನಯದ ಹೆಂಗಸರು ಅಂತ ಬಂದವರು ಮೆಚ್ಚಿಕೊಂಡು ಹೋಗುತ್ತಾರೆ.